ಅವ್ವನ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕಿತ್ತೇ?

ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅವ್ವನಿಗೆ ಕಿವಿ ಮಂದ. ನಾನು ಇನ್ನೂ ತೊದಲುತ್ತಿದ್ದ ಕಾಲಕ್ಕೆ ಆಕೆಗೆ ಒಂದು ಕೆಟ್ಟ ಜ್ವರ ಬಂದಿತ್ತಂತೆ. ಜ್ವರ ಬಿಟ್ಟು ಹೋಗುವಾಗ ಕಿವಿಯನ್ನೂ ಮುಕ್ಕಾಲು ಪಾಲು ತೆಗೆದುಕೊಂಡು ಹೋಯಿತು. ಅಂದಿನಿಂದ ಹೊಳೆನರಸೀಪುರದ ಕೋಟೆಯೊಳಗಿನ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಉಪ್ಪು ಮುಗಿದಿದೆ ಎಂದು ಅವ್ವನಿಗೆ ಹೇಳಿದರೆ ಎದುರು ಮನೆಯವರು ಉಪ್ಪು ತಂದುಕೊಡುತ್ತಿದ್ದರು. ನನಗೆ ಹೊಟ್ಟೆನೋವು ಎಂದರೆ ಅವ್ವ ಒಲೆಯ ಮುಂದಿನಿಂದ ಏಳುವ ಮೊದಲೇ ಪಕ್ಕದ ಮನೆಯ ದೊಡ್ಡವ್ವ ಓಮದ ಕಷಾಯ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಮ್ಮೆ ನಡುಮನೆಯಲ್ಲಿ ನೆಂಟರು ಕೂತಿರುವಾಗ ಅಪ್ಪ ಅಡುಗೆಮನೆಗೆ ಬಂದು, "ಇವ್ರು ಯಾವಾಗ ಓಯ್ತಾರಂತೆ?" ಎಂದು ಅವ್ವನನ್ನು ಕೇಳಿದ. ಅವರು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು.

ತಮಾಷೆಯೆಂದರೆ ಅವ್ವನ ಮಾತು ಮಾತ್ರ ಬಹಳ ಮೆಲ್ಲಗೆ. ಆಕೆ ಏನಾದರೂ ಹೇಳಿದರೆ ನಾವು ಬಗ್ಗಿ ಕೇಳಿಸಿಕೊಳ್ಳಬೇಕಿತ್ತು. ಕಿವಿ ಚೆನ್ನಾಗಿದ್ದ ನಾವು ಗಂಟಲು ಹರಿದುಕೊಳ್ಳುವುದು, ಕಿವಿ ಕೇಳದ ಆಕೆ ಪಿಸುಗುಟ್ಟುವುದು, ಹೀಗೆ ಸಂಸಾರ ನಡೆದಿತ್ತು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಹಾಸನಕ್ಕೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕು ಎಂಬ ಆಸೆ ನನ್ನೊಳಗೆ ಕುದಿಯುತ್ತಿತ್ತು. ಅಷ್ಟರಲ್ಲಿ ಅರಕಲಗೂಡಿನ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಜನ, ಹೊಗೆಸೊಪ್ಪು ಬೆಳೆಯುವ ಜಮೀನುದಾರರು, ಹುಡುಗನಲ್ಲೂ ಒಂದು ಕುಂದು ಹೇಳುವಂತಿರಲಿಲ್ಲ. ಅದೇ ನನ್ನ ಕಷ್ಟ. ಹುಡುಗ ಕುಡುಕನಾಗಿದ್ದರೆ ಬೇಡ ಎನ್ನಲು ಎಷ್ಟು ಸುಲಭವಾಗುತ್ತಿತ್ತು!

ಅಪ್ಪನ ಎದುರು ನಿಂತು ಬೇಡ ಎನ್ನುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಇಂಥದ್ದನ್ನು ಮೊದಲು ಅವ್ವನ ಕಿವಿಗೆ ಹಾಕಬೇಕು, ಅವ್ವ ಸಮಯ ನೋಡಿ ಅಪ್ಪನಿಗೆ ಹೇಳಬೇಕು. ಎಲ್ಲರ ಮನೆಯ ಹೆಣ್ಣುಮಕ್ಕಳೂ ಹಾಗೇ ಮಾಡುತ್ತಿದ್ದರು. ಆದರೆ ಎಲ್ಲರ ಅವ್ವಂದಿರಿಗೂ ಕಿವಿ ಕೇಳಿಸುತ್ತಿತ್ತು. ನಾನು ನನ್ನ ಅವ್ವನಿಗೆ ಹೇಳುವುದೂ ಒಂದೇ, ಸಂತೆಯಲ್ಲಿ ಡಂಗುರ ಹೊಡೆಸುವುದೂ ಒಂದೇ. ಬರೆದು ತೋರಿಸೋಣವೆಂದರೆ ಅವ್ವನಿಗೆ ಅಕ್ಷರ ಬರದು. ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಹೇಳೋಣವೆಂದರೆ ಸುತ್ತ ಊರಿನ ಹೆಂಗಸರೆಲ್ಲ ಇರುತ್ತಿದ್ದರು, ನೀರಿನ ಮೇಲೆ ದನಿ ಇನ್ನೂ ದೂರ ಹೋಗುತ್ತಿತ್ತು. ಕೈಸನ್ನೆ ಮಾಡಿದೆ. ಹಾಸನದ ದಿಕ್ಕು ತೋರಿಸಿ ಪುಸ್ತಕ ಬಿಡಿಸಿದಂತೆ ಅಂಗೈ ಬಿಡಿಸಿದರೆ, ಅವ್ವ ನನಗೆ ಹಸಿವಾಗಿದೆ ಎಂದುಕೊಂಡು ರೊಟ್ಟಿ ಹಾಕಿಕೊಟ್ಟಳು.

ಆಗ ಬಂದವನು ಚಿಕ್ಕಪ್ಪ, ಅಪ್ಪನ ತಮ್ಮ. ಸೈನ್ಯದಲ್ಲಿ ತಂತಿ, ವೈರ್‌ಲೆಸ್ಸು ನೋಡಿಕೊಳ್ಳುತ್ತಿದ್ದವನು ಪಿಂಚಣಿ ತಗೊಂಡು ಊರಿಗೆ ಬಂದ. ಅವನ ಕಬ್ಬಿಣದ ಟ್ರಂಕಿನಲ್ಲಿ ಬಟ್ಟೆಗಿಂತ ತಂತಿಯೇ ಹೆಚ್ಚಿತ್ತು. ಅದರೊಳಗಿಂದ ಅವನು ಎತ್ತಿದ್ದು ಒಂದು ಕರಿ ಹೆಡ್‌ಫೋನು. ಸಂತೆಯಲ್ಲಿ ಹಳೇ ಸಾಮಾನಿನ ಜೊತೆ ಕೊಂಡದ್ದಂತೆ. ಕಿವಿಯ ಮೇಲೆ ಸುಮ್ಮನೆ ಕೂರುವಂಥದ್ದಲ್ಲ. ದಪ್ಪ ರಬ್ಬರಿನ ಬಳೆ ಇಡೀ ಕಿವಿಯನ್ನು ಒಳಗೆ ಹಾಕಿಕೊಂಡು ಮುಚ್ಚುತ್ತಿತ್ತು. ಹಾಕಿಕೊಂಡರೆ ಬೀದಿಯ ಗಾಡಿಯ ಸದ್ದು ಕೂಡ ನಿಂತುಹೋಗುತ್ತಿತ್ತು.

ಚಿಕ್ಕಪ್ಪ ತೆಂಗಿನಮರಕ್ಕೆ ತಂತಿ ಏರಿಸಿ, ಬ್ಯಾಟರಿ ಬೇಕಿಲ್ಲದ ಕ್ರಿಸ್ಟಲ್ ರೇಡಿಯೊ ಒಂದನ್ನು ಕಟ್ಟಿದ. ಎಲ್ಲರೂ ಸರದಿಯಲ್ಲಿ ಹೆಡ್‌ಫೋನು ಹಾಕಿಕೊಂಡೆವು. ದೂರದಲ್ಲೆಲ್ಲೋ ಯಾರೋ ಹಾಡುತ್ತಿದ್ದರು, ಕೊಡದೊಳಗೆ ಸಿಕ್ಕಿಕೊಂಡ ಸೊಳ್ಳೆಯಷ್ಟು ದನಿ. ಕೊನೆಗೆ ಅವ್ವನ ತಲೆಗೆ ಹಾಕಿದರು. ಅವ್ವ ನಕ್ಕಳು. ನಮ್ಮ ಮನಸ್ಸು ನೋಯದಿರಲೆಂದು ನಕ್ಕಳು ಎಂದು ನನಗೆ ತಕ್ಷಣ ಗೊತ್ತಾಯಿತು. ಆಕೆಗೆ ಏನೂ ಕೇಳಿಸಿರಲಿಲ್ಲ.

ಹಾಸನದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಅಣ್ಣ ರಜೆಗೆ ಮನೆಯಲ್ಲೇ ಇದ್ದ. ಅಲ್ಲಿಂದ ಶುರುವಾಯಿತು ಜಗಳ.

"ಇದಕ್ಕೆ ಆಂಪ್ಲಿಫೈಯರ್ ಬೇಕು ಚಿಕ್ಕಪ್ಪ, ಇಲ್ದಿದ್ರೆ ಅವ್ವಂಗೆ ಕೇಳಾಕಿಲ್ಲ" ಎಂದ ಅಣ್ಣ.

"ಯಾತುಕ್ಲಾ ಬೇಕು? ಇದು ಕಿವಿ ಮುಚ್ಚೋ ಮಾಲು ಕಣ್ಲಾ. ಒರಗಿನ್ ಸದ್ದು ಒಳೀಕ್ ಬರಾಕಿಲ್ಲ, ಒಳಗಿನ್ದು ಆಚೀಕ್ ಓಗಾಕಿಲ್ಲ. ಇರೋ ಸದ್ದೇ ಸಾಕು!"

"ಪಾತ್ರೆಗೆ ಮುಚ್ಚಳ ಎಷ್ಟು ಬಿಗಿಯಾಗಿದ್ರೇನು ಚಿಕ್ಕಪ್ಪ, ಒಳಗೆ ಅನ್ನ ಇರ್ಬೇಕಲ್ಲ?"

ಊಟದ ಹೊತ್ತಿನಲ್ಲೂ ಇದೇ. ಮನೆ ಎರಡು ಪಾರ್ಟಿಯಾಯಿತು. ಅಪ್ಪ ತಮ್ಮನ ಕಡೆ, ಅದು ಒಡಹುಟ್ಟಿದವನೆಂಬ ಅಭಿಮಾನಕ್ಕೆ. ವಿಷಯ ಅವನಿಗೇನೂ ಗೊತ್ತಿರಲಿಲ್ಲ. ನಾನು ಅಣ್ಣನ ಕಡೆ. ನನಗೂ ವಿಷಯ ಗೊತ್ತಿರಲಿಲ್ಲ, ಆದರೆ ಅವ್ವನ ಆ ನಗುವನ್ನು ನೋಡಿದ್ದೆ. ಅವ್ವನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಾದರೆ ಕೂಗಬೇಕಿತ್ತಲ್ಲ.

ಅಣ್ಣ ಹಾಸನಕ್ಕೆ ಹೋಗಿ ಟ್ರಾನ್ಸಿಸ್ಟರು, ಕಾಯಿಲು ಎಂದು ಕಡ್ಡಿ ಕಸದಂಥ ಸಾಮಾನು ತಂದು, ಬಿಸ್ಕತ್ತಿನ ಡಬ್ಬದಲ್ಲಿ ಕೂರಿಸಿ, ಟಾರ್ಚಿನ ಸೆಲ್ಲು ಹಾಕಿ ಆಂಪ್ಲಿಫೈಯರ್ ಮಾಡಿದ. ರೇಡಿಯೊಗೂ ಹೆಡ್‌ಫೋನಿಗೂ ನಡುವೆ ಅದನ್ನು ಸೇರಿಸಿ ಅವ್ವನ ತಲೆಗೆ ಹಾಕಿದ. ಈ ಸಲ ಅವ್ವ ನಗಲಿಲ್ಲ, ಬೆಚ್ಚಿಬಿದ್ದಳು. ಯಾರೋ ಒಬ್ಬ ಅಡಿಕೆ ಕೊಬ್ಬರಿಯ ಪೇಟೆ ಧಾರಣೆ ಓದುತ್ತಿದ್ದನಂತೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ತೆಗೆದು ಮಡಿಲಲ್ಲಿಟ್ಟುಕೊಂಡು, ತನ್ನ ಮೆಲುದನಿಯಲ್ಲಿ ಹೇಳಿದಳು:

"ಚೆಂದಾಗ್ ಕೇಳ್ತು ಕಣ್ ಮಗಾ. ಆದ್ರೆ ಗುರ್ತಿಲ್ದ ಗಂಡ್ಸು ಕಿವೀಲಿ ಬಂದು ಮಾತಾಡುದ್ರೆ ನಂಗೇನ್ ಬಂತು? ನಿಮ್ ಮಾತು ಬರಾಕಿಲ್ವಾ ಇದ್ರಲ್ಲಿ?"

ನಾಚಿಕೆಯಾಯಿತು ನಮಗೆಲ್ಲ. ಇಷ್ಟು ದಿನ ಕಿತ್ತಾಡಿದ್ದೇ ಕಿತ್ತಾಡಿದ್ದು, ಇದೊಂದು ಯಾರಿಗೂ ಹೊಳೆದಿರಲಿಲ್ಲ.

ಚಿಕ್ಕಪ್ಪ ಎದ್ದು ಟ್ರಂಕು ಜಾಲಾಡಿ, ಹಳೇ ಟೆಲಿಫೋನಿನ ಮಾತಾಡುವ ಬಟ್ಟಲು ಒಂದನ್ನು ತಂದ. ರೇಡಿಯೊ ತೆಗೆದು ಆ ಜಾಗಕ್ಕೆ ಇದನ್ನು ಮೈಕಾಗಿ ಕಟ್ಟಿದರು. ಅಣ್ಣ ಪರೀಕ್ಷೆಗೆಂದು ಮೊದಲು ಡಬ್ಬಕ್ಕೆ ಒಂದು ಸಣ್ಣ ಸ್ಪೀಕರು ಹಾಕಿದ್ದ. ಅದು ತನ್ನ ಸದ್ದನ್ನು ತಾನೇ ಮೈಕಿಗೆ ಮತ್ತೆ ಕೊಟ್ಟು ಕುಂಯ್ ಎಂದು ಅರಚಿಕೊಂಡಿತು. ಕಿವಿ ಮುಚ್ಚುವ ಹೆಡ್‌ಫೋನು ಹಾಕಿದೊಡನೆ ಆ ಅರಚಾಟ ನಿಂತಿತು, ಸದ್ದು ಒಳಗೇ ಉಳಿಯುತ್ತಿತ್ತಲ್ಲ. "ನೋಡ್ದಾ? ಮುಚ್ಚಳದ ಬೆಲೆ ಈಗ ಗೊತ್ತಾಯ್ತಾ?" ಎಂದು ಚಿಕ್ಕಪ್ಪ ಮೀಸೆಯ ಮೇಲೆ ಕೈ ಹಾಕಿದ. "ಡಬ್ಬ ಇಲ್ದಿದ್ರೆ ನಿಮ್ಮ ಮುಚ್ಚಳ ಏನ್ ಮಾಡ್ತಿತ್ತು?" ಎಂದ ಅಣ್ಣ. ಇಬ್ಬರೂ ಗೆದ್ದಿದ್ದರು, ಇಬ್ಬರೂ ಒಪ್ಪಲಿಲ್ಲ.

ಆದರೆ ಉಪಯೋಗಿಸಲು ಹೋದಾಗ ಇನ್ನೊಂದು ಫಜೀತಿ. ನಮಗೆ ಅವ್ವನೊಡನೆ ಕೂಗದೆ ಮಾತಾಡಿಯೇ ಗೊತ್ತಿರಲಿಲ್ಲ. ಅಪ್ಪ ಮೈಕು ಹಿಡಿದು ರೂಢಿಯಂತೆ "ಕೇಳ್ತದೇನೇ?" ಎಂದು ಗುಡುಗಿದ. ಅವ್ವ ಅಯ್ಯಯ್ಯೋ ಎಂದು ಹೆಡ್‌ಫೋನು ಕಿತ್ತುಹಾಕಿದಳು. ಚಿಕ್ಕಪ್ಪ ಕೂಗಿದ, ಅಣ್ಣ ಕೂಗಿದ. "ತಲೆ ಒಡ್ದೋಯ್ತದೆ, ಬ್ಯಾಡ ತಗೀರಿ" ಎಂದು ಅವ್ವ ಡಬ್ಬವನ್ನು ಹಿಟ್ಟಿನ ಮಡಕೆಯ ಪಕ್ಕ ಇಟ್ಟುಬಿಟ್ಟಳು. ಗಂಡಸರು ಸಪ್ಪೆ ಮೋರೆ ಹಾಕಿಕೊಂಡು ಜಗುಲಿಗೆ ಹೋದರು. ನಾನು ಮಾತ್ರ ಆ ಡಬ್ಬವನ್ನೇ ನೋಡುತ್ತ ನಿಂತೆ. ಅದರೊಳಗೆ ಮೆಲ್ಲಗೆ ಮಾತಾಡಬೇಕು ಎಂದಾದರೆ, ಅವ್ವನ ಕಿವಿಯಲ್ಲಿ ಪಿಸುಗುಟ್ಟಬಹುದು!

ಅರಕಲಗೂಡಿನವರು ಮಾತು ಮುಗಿಸಲು ಬರುವ ಹಿಂದಿನ ದಿನ ಮಧ್ಯಾಹ್ನ, ಅಪ್ಪ ಉಂಡು ಜಗುಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಪಕ್ಕದ ಮನೆಯ ದೊಡ್ಡವ್ವ ತನ್ನ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಡಬ್ಬ ತೆಗೆದು, ಬೇಡ ಬೇಡ ಎನ್ನುತ್ತಿದ್ದ ಅವ್ವನ ತಲೆಗೆ ಹೆಡ್‌ಫೋನು ಏರಿಸಿ, ಮೈಕನ್ನು ಎರಡು ಕೈಯಲ್ಲಿ ಬೊಗಸೆ ಹಿಡಿದು ತುಟಿಗೆ ಒತ್ತಿಕೊಂಡೆ. "ಅವ್ವಾ" ಎಂದೆ. ಅಷ್ಟೇ.

ಅವ್ವ ಅಲುಗಾಡದೆ ಕೂತಳು. ನನ್ನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು. ಆಕೆಯ ಕಣ್ಣು ತುಂಬಿ ಬಂತು, ನನ್ನದೂ ತುಂಬಿತು.

"ನಿನ್ ದನಿ ಇಂಗೈತಾ ಮಗಾ? ಕಿರ್ಚೋದ್ ಬಿಟ್ರೆ ನಂಗೆ ಗೊತ್ತೇ ಇರ್ನಿಲ್ಲ ಕಣೆ."

ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ನನಗೆ ಈಗಲೇ ಮದುವೆ ಬೇಡ, ಹಾಸನಕ್ಕೆ ಹೋಗಿ ಟ್ರೈನಿಂಗ್ ಮಾಡಬೇಕು, ಮೇಷ್ಟ್ರಾಗಬೇಕು, ಅಪ್ಪನಿಗೆ ನೀನೇ ಹೇಳು ಎಂದೆ. ಒಲೆಯ ಮೇಲಿನ ಎಸರಿನ ಸದ್ದಿಗಿಂತ ಮೆಲ್ಲಗೆ ಹೇಳಿದೆ.

ಕಿವಿ ಎರಡೂ ಮುಚ್ಚಿ, ಒಳಗೆ ಅಷ್ಟು ಜೋರಾಗಿ ಕೇಳಿಸಿಕೊಳ್ಳುವವರು ತಮ್ಮ ದನಿಯನ್ನೂ ಅದಕ್ಕೆ ತಕ್ಕಂತೆ ಏರಿಸುತ್ತಾರೆ ಎಂಬುದು ನನಗೇನು ಗೊತ್ತು! ಎಂದೂ ದನಿ ಏರಿಸಿಯೇ ಗೊತ್ತಿಲ್ಲದ ನಮ್ಮ ಅವ್ವ, ಬೀದಿ ಆ ತುದಿಯಿಂದ ಈ ತುದಿಗೆ ನಡುಗುವಂತೆ ಕೂಗಿದಳು:

"ಓದ್ಬೇಕಾ? ಓದು! ಮದ್ವೆ ಎಲ್ ಓಡೋಯ್ತದೆ? ಮೇಷ್ಟ್ರಾಗು ಮಗಾ! ನಿಮ್ಮಪ್ಪಂಗೆ ಈಗ್ಲೇ ಗೊತ್ತಾಗೋದು ಬ್ಯಾಡ, ಸುಮ್ಕಿರು, ನಾನು ಮೆತ್ತಗೆ ಏಳ್ತೀನಿ!"

ನಾನು ಮೈಕು ಬಿಟ್ಟು ಆಕೆಯ ಬಾಯಿ ಮುಚ್ಚಲು ಹೋದೆ. ತಡವಾಗಿತ್ತು. ಹೊರಗೆ ಅವರೆಕಾಯಿಯ ಸದ್ದು ನಿಂತಿತ್ತು. ಜಗುಲಿಯಿಂದ ಅಪ್ಪನ ಹೆಜ್ಜೆ ಬಂತು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ. ನನ್ನನ್ನು ನೋಡಿದ, ಕಣ್ಣೊರೆಸಿಕೊಳ್ಳುತ್ತಿದ್ದ ಅವ್ವನನ್ನು ನೋಡಿದ. ಬೈಯಲಿಲ್ಲ. ಬಂದು ಅವ್ವನ ಮುಂದೆ ಮಣೆ ಎಳೆದುಕೊಂಡು ಕೂತು ನನ್ನ ಕಡೆ ಕೈ ಚಾಚಿದ. ಮೈಕು ಕೊಟ್ಟೆ. ನಾನು ಹಿಡಿದಿದ್ದಂತೆಯೇ ಬೊಗಸೆ ಮಾಡಿ ಹಿಡಿದು, ಅವ್ವನನ್ನೇ ನೋಡುತ್ತ, ಮೆಲ್ಲಗೆ ಏನೋ ಹೇಳಿದ. ನನಗೆ ಒಂದಕ್ಷರ ಕೇಳಿಸಲಿಲ್ಲ. ಅಪ್ಪನ ದನಿ ನನಗೆ ಕೇಳಿಸದೇ ಹೋದದ್ದು ಅದೇ ಮೊದಲು. ನನಗೆ ಕೇಳಿಸಿದ್ದು ಅವ್ವ ಆಡಿದ ಮಾತು ಮಾತ್ರ. ಅದು ಊರಿಗೆಲ್ಲ ಕೇಳಿಸಿತು ಬಿಡಿ.

"ಊಂ, ಅವ್ಳೇ ಅಂದ್ಳು."

ಅಪ್ಪ ಮತ್ತೇನೋ ಹೇಳಿದ.

"ಅರಕಲಗೂಡ್ನೋರ್ಗೆ ಏನಂತ ಏಳೋದಾ? ಮಗಳು ಓದ್ತಾಳೆ, ಆಮ್ಯಾಕೆ ನೋಡಾನ ಅಂತ ಏಳ್ಬುಡಿ! ಅವ್ರೇನ್ ನಮ್ಮುನ್ನ ತಿಂದಾರಾ?"

ಅಪ್ಪ ತಲೆ ಕೆರೆದುಕೊಂಡ. ಆಮೇಲೆ ನನಗೆ ಬೆನ್ನು ಮಾಡಿ, ಇನ್ನೂ ಹತ್ತಿರ ಸರಿದು, ಸ್ವಲ್ಪ ಹೆಚ್ಚು ಹೊತ್ತೇ ಮಾತಾಡಿದ. ಅವ್ವನ ಮುಖ ಕೆಂಪಗಾಯಿತು.

"ಥೂ, ಸುಮ್ಕಿರಿ! ವಯಸ್ಸಿಗ್ ಬಂದ್ ಮಗಳು ಇಲ್ಲೇ ಅವ್ಳೆ!"

ಗೋಡೆಯಾಚೆ ದೊಡ್ಡವ್ವ ಗೊಳ್ಳೆಂದು ನಕ್ಕಳು. ಅಪ್ಪ ಏನು ಹೇಳಿದನೋ ನನಗೆ ಇಂದಿಗೂ ತಿಳಿಯದು. ನಮ್ಮ ಮನೆಯಲ್ಲಿ ಮೊಟ್ಟಮೊದಲು ಗುಟ್ಟಾಗಿ ಉಳಿದ ಮಾತು ಅದು. ಅವರಿಬ್ಬರ ನಡುವೆಯೇ ಉಳಿಯಲಿ.

ಅರಕಲಗೂಡಿನವರು ಬೇಸರ ಮಾಡಿಕೊಳ್ಳದೆ ಬೇರೆ ಹೆಣ್ಣು ನೋಡಿಕೊಂಡರು. ನಾನು ಹಾಸನದ ರೈಲು ಹತ್ತಿದೆ. ಟ್ರೈನಿಂಗ್ ಮುಗಿದ ಮೇಲೆ ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಹಾಕಿದರು. ನಿವೃತ್ತಿಯಾಗುವವರೆಗೆ ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದೆ. ಆದರೆ ನನ್ನ ಮೊದಲ ವಿದ್ಯಾರ್ಥಿ ಆ ಶಾಲೆಯಲ್ಲಿ ಇರಲಿಲ್ಲ.

ಟ್ರೈನಿಂಗಿನ ಮೊದಲ ರಜೆಗೆ ಮನೆಗೆ ಬಂದಾಗ, ಚೀಲ ಇಳಿಸುವ ಮೊದಲೇ ಅವ್ವ ಬಿಸ್ಕತ್ತಿನ ಡಬ್ಬ ತಂದಿಟ್ಟುಕೊಂಡು, ಹೆಡ್‌ಫೋನು ಹಾಕಿಕೊಂಡು ನನ್ನೆದುರು ಕೂತಳು. ಚಿಕ್ಕಪ್ಪನೂ ಅಣ್ಣನೂ ಆಗಲೂ ಮುಚ್ಚಳವೋ ಡಬ್ಬವೋ ಎಂದು ಹೊರಗೆ ವಾದ ಮಾಡುತ್ತಿದ್ದರು.

"ಅಲ್ಲೇನ್ ಏಳ್ಕೊಡ್ತಾರೆ? ಅದ್ನೇ ನಂಗೂ ಏಳ್ಕೊಡು" ಎಂದಳು.

ನಾನು ಹಲಗೆಯ ಮೇಲೆ ಬರೆದು, ಮೈಕಿನಲ್ಲಿ ಮೆಲ್ಲಗೆ "ಅ" ಎಂದೆ. ಅವ್ವ ಹಲಗೆ ನೋಡಿದಳು, ನನ್ನ ತುಟಿ ನೋಡಿದಳು, ಮತ್ತೆ ಬೀದಿ ನಡುಗುವಂತೆ "ಅ!" ಎಂದಳು. ನಾನು "ಆ" ಎಂದೆ. ಅವ್ವ "ಆ!" ಎಂದಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಗಾಬರಿಯಾಗಿ ನಿಂತು, ಅದೇನು ಕೂಗು ಎಂದು ಜಗುಲಿಯಲ್ಲಿದ್ದ ಅಪ್ಪನನ್ನು ಕೇಳಿದರು.

"ನಮ್ಮನೇವ್ಳು ಓದ್ತಾವ್ಳೆ" ಎಂದ ಅಪ್ಪ, ಮೆತ್ತಗೆ.