ತಿಕೋಟಾದ ಅಡುಗೆಮನೆಯಲ್ಲಿ ವಿಮೆಯ ಪಾಠ

ವಿಜಾಪುರದಲ್ಲಿ ನಾನು ಮೊದಲು ವಿಮೆಯ ಮಾತೆತ್ತಿದ ಮನೆಯ ಒಡತಿ ನನ್ನೆದುರೇ ನೆಟಿಗೆ ಮುರಿದು ಬಾಗಿಲು ಹಾಕಿಕೊಂಡಳು. ನಾನು ಕೇಳಿದ್ದು ಇಷ್ಟೇ: “ನಾಳೆ ನಿಮ್ಮ ಯಜಮಾನರು ತೀರಿಕೊಂಡರೆ ಮಕ್ಕಳ ಗತಿಯೇನು?” ಕುಂದಾಪುರದ ಕಡೆಯ ನಾವು ದಿನಾ ಸಮುದ್ರಕ್ಕೆ ಇಳಿಯುವವರನ್ನು ಕಂಡು ಬೆಳೆದವರು, ಸಾವಿನ ಮಾತು ನಮಗೆ ಸಲೀಸು. ಇಲ್ಲಿ ತುಂಬಿದ ಮನೆಯಲ್ಲಿ ಅದನ್ನಾಡಿದರೆ ಸಾವನ್ನೇ ಕರೆದು ಕೂರಿಸಿದ ಹಾಗೆ.

ನಾನು ಬಂದದ್ದು ರೈಲ್ವೆಯಲ್ಲಿದ್ದ ಅಣ್ಣನಿಗೆ ಅಡುಗೆ ಮಾಡಿ ಹಾಕಲು. ಹೊತ್ತು ಹೋಗದೆ ವಿಮೆ ಏಜೆಂಟ್ ಆದೆ. ಅವನಿಗೆ ವರ್ಗವಾಯಿತು, ನಾನು ಸ್ಟೇಷನ್ ರಸ್ತೆಯ ಹಿಂದೆ ಒಂದು ಕೋಣೆ ಹಿಡಿದು ಉಳಿದೆ. ಬಬಲೇಶ್ವರ, ತಿಕೋಟಾದ ಬಸ್ಸುಗಳ ಧೂಳು ಕುಡಿದೆ. ಇಲ್ಲಿಯ ಸವಳು ನೀರಿಗೆ ಬೇಳೆಯೂ ಬೇಯದು. ನಾನು ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು. ಕುಚ್ಚಲಕ್ಕಿ ಗಂಜಿ ನೆನೆದು ಅತ್ತದ್ದೂ ಉಂಟು. ಭಾನುವಾರ ಮಾತಿಗೆ ಯಾರೂ ಇಲ್ಲದೆ ಸ್ಟೇಷನ್ನಿಗೆ ಹೋಗಿ ರೈಲು ನೋಡುತ್ತ ಕೂರುತ್ತಿದ್ದೆ. ಅಮ್ಮನದು ಒಂದೇ ಪಲ್ಲವಿ, “ಸಾಕು, ಬಂದುಬಿಡು.”

ಅಷ್ಟರಲ್ಲಿ ಪರವಾನಗಿಯ ಅವಧಿ ಮುಗಿಯುತ್ತ ಬಂತು. ನಮ್ಮ ಕಚೇರಿಯಲ್ಲಿ ಹಳೆಯ ಏಜೆಂಟರೂ ಮತ್ತೆ ತರಗತಿಯಲ್ಲಿ ಕೂತು ಪಾಠ ಕೇಳಬೇಕಿತ್ತು. ಕೊನೆಗೆ ಅಧಿಕಾರಿಯೊಬ್ಬರು ಜೊತೆಗೆ ಬಂದು, ನಾವು ಮನೆಯೊಂದರಲ್ಲಿ ಹೇಗೆ ಮಾತಾಡುತ್ತೇವೆಂದು ನೋಡಿ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಗಂಟುಮೂಟೆ ಕಟ್ಟುವುದೇ. ಊರಿಗಾಗಿ ಹಂಬಲಿಸುತ್ತಿದ್ದವಳಿಗೆ ಆ ಯೋಚನೆ ಬೇಡವೆನಿಸಿದ್ದು ನನಗೇ ಆಶ್ಚರ್ಯ.

ನನ್ನ ಪಾಲಿಗೆ ಬಂದ ಅಧಿಕಾರಿ ದೇಸಾಯರು. ಇಬ್ಬರೂ ತಿಕೋಟಾದ ಕಿರಾಣಿ ವ್ಯಾಪಾರಿ ಮಲ್ಲಪ್ಪನ ಮನೆಗೆ ಹೋದೆವು. ಅವನ ತಾಯಿ ಗೌರವ್ವ ನನ್ನ ಕೈಹಿಡಿದು ಅಡುಗೆಮನೆಗೇ ಕರೆದೊಯ್ದಳು.

“ಬಿಸಲಾಗ ಬಂದೀದಿ ಯವ್ವಾ, ಮೊದಲ ಉಣ್ಣು. ಮಾತು ಎಲ್ಲಿ ಓಡಿಹೋಗ್ತಾವು?”

ನಮ್ಮ ಕಡೆ ಕೆಲಸಕ್ಕೆ ಹೋದ ಮನೆಯಲ್ಲಿ ಉಣ್ಣುವುದೆಂದರೆ ಸಂಕೋಚ. ಇಲ್ಲಿ ಉಣ್ಣದೆ ಎದ್ದರೆ ಅದೇ ಅವಮಾನ. ಸೊಸೆ ಬಿಸಿ ರೊಟ್ಟಿ ಬಡಿದು ಹಾಕಿದಳು, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು. ಹೊಟ್ಟೆ ತುಂಬ ಉಂಡೆ.

“ಬಾಯಾರ, ಇನ್ನ ಶುರು ಮಾಡ್ರಿ,” ಪಡಸಾಲೆಯಲ್ಲಿ ಮಲ್ಲಪ್ಪನ ಜೊತೆ ಕೂತಿದ್ದ ದೇಸಾಯರು ಕೂಗಿದರು.

ಪಾಠದ ಮೊದಲ ವಾಕ್ಯವೇ ಮನೆಯ ಯಜಮಾನನ ಸಾವು. ಎದುರಿಗೆ ಹಣೆತುಂಬ ಕುಂಕುಮವಿಟ್ಟ ಅವನ ಹೆಂಡತಿ. ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಕಡೆಗೆ ನನ್ನ ಪುಸ್ತಕದ ಕನ್ನಡದಲ್ಲೇ ಹೇಳಿದೆ:

“ಅಜ್ಜಿ, ನಾಳೆ ನಾನೇ ಸತ್ತೆ ಅಂತ ಇಟ್ಟುಕೊಳ್ಳಿ. ನಾನೂ ವಿಮೆ ಮಾಡಿಸಿದ್ದೇನೆ. ಹಣ ಊರಲ್ಲಿರುವ ನನ್ನ ಅಮ್ಮನಿಗೆ ಹೋಗುತ್ತದೆ. ಅವಳು ಯಾರ ಮುಂದೆಯೂ ಕೈಚಾಚಬೇಕಿಲ್ಲ.”

“ಬಿಡ್ತು ಅನ್ನು!” ಗೌರವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. “ರೊಕ್ಕ ನಿಮ್ಮವ್ವಗ ಮುಟ್ಟತೈತಿ, ಖರೆ. ಆದ್ರ ಆಕಿಗೆ ಸುದ್ದಿ ಹೇಳಾಕ ಯಾರು ಹೋಗ್ತಾರ? ಇಲ್ಲಿ ನಿನಗ ಯಾರದಾರ?”

ಈ ಪ್ರಶ್ನೆಗೆ ಯಾವ ತರಗತಿಯಲ್ಲೂ ಉತ್ತರ ಕಲಿಸಿರಲಿಲ್ಲ. “ಯಾರೂ ಇಲ್ಲ,” ಎಂದೆ.

“ಲೇ ಮಲ್ಲ್ಯಾ,” ಅಜ್ಜಿ ಕೂಗಿದಳು, “ಈಕಿ ಊರಿನ ಹಾದಿ ಕೇಳಿ ಇಟ್ಕೊ. ಹಂಗೇನರ ಬಂದ್ರ ನೀನ ಹೋಗಬೇಕು.”

“ಆತ ಬೇ, ಹೋಗ್ತೀನಿ,” ಎಂದ ಮಲ್ಲಪ್ಪ, ಸಂತೆಗೆ ಹೋಗಲು ಹೇಳಿದಷ್ಟು ಸಹಜವಾಗಿ.

ಹಂಚಿನ ಮುಂದಿದ್ದ ಸೊಸೆ ತಲೆಯೆತ್ತದೆ ಹೇಳಿದಳು: “ಅಕ್ಕಾ, ನಮ್ಮ ಮನಿಯವ್ರದೂ ಒಂದು ಮಾಡ್ರಿ.”

ಬಸ್ಸಿಗೆ ಕಾಯುವಾಗ ದೇಸಾಯರು ನಕ್ಕರು. “ಪಾಠದಾಗ ಇಲ್ಲದ್ದನ್ನ ಆಡಿದ್ರಿ ಬಾಯಾರ. ಇರ್ಲಿ, ನನ್ನ ಒಪ್ಪಿಗಿ ಐತಿ.” ಪರವಾನಗಿ ಮುಂದುವರಿಯಿತು.

ಮಳೆಗಾಲದ ಮೊದಲು ಊರಿಗೆ ಹೋದೆ. ಅಮ್ಮ ಗಂಜಿ ಬಡಿಸುತ್ತಿದ್ದಳು. ಮಗಳು ಅಲ್ಲಿ ಒಂಟಿಯಲ್ಲ ಎಂದು ಅವಳಿಗೆ ಧೈರ್ಯ ಬರಲೆಂದು ಗೌರವ್ವನ ಮಾತು, ಮಲ್ಲಪ್ಪ ಒಪ್ಪಿದ್ದು ಎಲ್ಲವನ್ನೂ ಸಡಗರದಿಂದ ಹೇಳಿದೆ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಹಂಗಾರೆ ಸಾಯುಕೂ ಅಲ್ಲೇ ಜಾಗ ಮಾಡ್ಕಂಡ್ಯಾ ಮಗಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ.