ಕಂಪ್ಯೂಟರಿಗೂ ಒಂದು ಸೋಮವಾರ

ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಪರದೆಯ ಮೇಲೆ ಬಾಣ ನಡೆಯುತ್ತಿತ್ತು.

ಹತ್ತು ದಿನವಾಯಿತು. ಆ ಬಾಣ ಈಗಲೂ ನನ್ನ ಕಣ್ಣ ಮುಂದೆ ನಡೆಯುತ್ತದೆ. ಪಲ್ಯಕ್ಕೆ ಉಪ್ಪು ಹಾಕುವಾಗ ನಡೆಯುತ್ತದೆ. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ನಡೆಯುತ್ತದೆ. (ಮೊನ್ನೆ ಒಂದೇ ಹೆಸರನ್ನು ಎರಡು ಸಲ ಕೂಗಿದೆ. ಆ ಹುಡುಗಿ ಎರಡು ಸಲವೂ ಎದ್ದು ನಿಂತಳು, ಪಾಪ.)

ಇದು ನಡೆದದ್ದು ಅಣ್ಣಿಗೇರಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಗಿರಿಜಕ್ಕನ ಆನ್‌ಲೈನ್ ಸೆಂಟರಿನಲ್ಲಿ. ಸೆಂಟರ್ ಎಂದರೆ ಒಂದು ಟೇಬಲ್, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಹೆಬ್ಬೆಟ್ಟು ಒತ್ತುವ ಒಂದು ಮಷೀನ್. ಪಹಣಿ ತೆಗೆಸಬೇಕೆ? ಬೆಳೆವಿಮೆ ತುಂಬಬೇಕೆ? ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕೆ? ಎಲ್ಲರೂ ಅಲ್ಲಿಗೇ ಬರುತ್ತಾರೆ. ಬಂದವರು ತಮ್ಮ ಕಾರ್ಡು, ಸರ್ಟಿಫಿಕೇಟು, ಕಡೆಗೆ ಫೋನನ್ನೂ ಅವಳ ಕೈಗೆ ಕೊಟ್ಟು, ನೀನೇ ನೋಡವಾ ಎಂದು ಹೊರಗೆ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಬ್ಯಾಂಕಿನ ಲಾಕರಿಗೂ ಇಷ್ಟು ನಂಬಿಗೆ ಸಿಕ್ಕಿರಲಾರದು.

ನಾನು ಹೋಗಿದ್ದು ತಂಗಿಯ ಮಗಳ ಹಾಸ್ಟೆಲ್ ಅರ್ಜಿಗೆ. ಅವಳ ಫೋಟೊ, ಮಾರ್ಕ್ಸ್ ಕಾರ್ಡು ಎಲ್ಲ ಸ್ಕ್ಯಾನ್ ಆದವು. ನಡುವೆ ಯಾರದೋ ರಿಸಲ್ಟ್ ಹುಡುಕಲು ಗಿರಿಜಕ್ಕ ಒಂದು ಪುಟ ತೆರೆದಳು. ಬರೀ ಜಾಹೀರಾತು. ಬೇಸರದಿಂದ ಮುಚ್ಚಿದಳು. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಚಹಾ ಬಂತು. ಅವಳ ಮಾವ ನಿಂಗಪ್ಪಜ್ಜ ಹೊಲಕ್ಕೆ ಹೋಗುವ ಮುಂಚೆ ಸೊಸೆಗೆ ರೊಟ್ಟಿಯ ಬುತ್ತಿ ಕೊಡಲು ಬಂದವರು ಸ್ಟೂಲಿನ ಮೇಲೆ ಕೂತರು.

ಹೊರಗೆ ಕಡಲೆ ಚೀಲ ಹೇರಿದ ಟ್ರ್ಯಾಕ್ಟರ್ ಹೋಯಿತು. ಟೇಬಲ್ ನಡುಗಿತು. ಬಾಣ ಅಲುಗಿತು. ಟ್ರ್ಯಾಕ್ಟರಿನ ಪ್ರತಾಪ ಅಂದುಕೊಂಡೆ.

ಟ್ರ್ಯಾಕ್ಟರ್ ದೂರ ಹೋಯಿತು. ಬಾಣ ನಿಲ್ಲಲಿಲ್ಲ.

ಅದಕ್ಕೆ ಅವಸರವೇ ಇರಲಿಲ್ಲ. ಮನೆ ಗೊತ್ತಿದ್ದವರು ನೆಟ್ಟಗೆ ಅಡುಗೆಮನೆಗೆ ಹೋಗುವ ಹಾಗೆ ಹೋಗಿ 'ಗಿರಾಕಿ' ಎಂಬ ಫೋಲ್ಡರನ್ನು ತೆರೆಯಿತು. ಒಳಗೆ ಊರಿನ ಮುಖಗಳು, ಊರಿನ ಕಾಗದಗಳು. ಎಲ್ಲಕ್ಕಿಂತ ಮೇಲೆ ಎರಡು ಜಡೆ ಹಾಕಿಕೊಂಡ ನಮ್ಮ ಹುಡುಗಿಯ ಫೋಟೊ.

ಎಂ.ಎ. ಓದಿದ ನಾನು ಆಗ ಏನು ಮಾಡಿದೆ? ಏನೂ ಇಲ್ಲ. ಚಹಾದ ಗ್ಲಾಸ್ ಹಿಡಿದುಕೊಂಡು ಕೂತಿದ್ದೆ. ಗಿರಿಜಕ್ಕ ನನ್ನ ಕಡೆ ತಿರುಗಿ ಹಾಸ್ಟೆಲ್ಲಿನ ಊಟದ ಬಗ್ಗೆ ಏನೋ ಹೇಳುತ್ತಿದ್ದಳು. ಮಾತನಾಡಿದವರು ನಿಂಗಪ್ಪಜ್ಜ.

"ಗಿರಿಜಾ, ನಿನ್ನ ಕೈ ಇಲ್ಲೈತಿ. ಅದನ್ನ ಯಾರು ಆಡಸಾಕತ್ತಾರ?"

ಗಿರಿಜಕ್ಕ ತಿರುಗಿ ನೋಡಿದಳು. ನೋಡಿದ್ದೇ ನೆಟ್ ವೈರು ಕಿತ್ತಳು. ಆಮೇಲೆ ಪ್ಲಗ್ಗೂ ಕಿತ್ತಳು. ಚಹಾ ಚೆಲ್ಲಿ ಅರ್ಜಿಗಳೆಲ್ಲ ತೊಯ್ದವು. ಪರದೆ ಕಪ್ಪಾಯಿತು.

"ಅಕ್ಕಾರ, ಎಲ್ಲಾರ ಕಾಗದಾನೂ ಹೋದ್ವೇನ್ರಿ?"

ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಸವಿತಾಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದಳು. ನೆಟ್ ವೈರು ದೂರವೇ ಇಡಿಸಿ ಕಂಪ್ಯೂಟರ್ ಹಚ್ಚಿ ಪರೀಕ್ಷಿಸಿದಳು. ಬ್ರೌಸರಿನ ಮೇಲೆ ಬೆರಳಿಟ್ಟು, ಇದಕ್ಕೆ ಅಪ್‌ಡೇಟ್ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದಳು. ಎರಡು ವರ್ಷದ ಮೇಲಾಗಿತ್ತು.

ಬ್ರೌಸರ್ ಅಂದರೆ ನಮ್ಮ ಕಂಪ್ಯೂಟರಿನಿಂದ ಜಗತ್ತಿಗೆ ಇರುವ ಬಾಗಿಲು. ಅದನ್ನು ಮಾಡಿದವರೂ ಮನುಷ್ಯರೇ, ಹಾಗಾಗಿ ಅಲ್ಲಲ್ಲಿ ಸಂದುಗಳು ಉಳಿದಿರುತ್ತವೆ. ಸಂದು ಕಂಡಾಗಲೆಲ್ಲ ಅದನ್ನು ಮುಚ್ಚುವ ದುರಸ್ತಿ ಕಳಿಸುತ್ತಾರೆ. ಅದೇ ಅಪ್‌ಡೇಟ್. ಬೆಚ್ಚಿ ಬೀಳಿಸುವ ಸಂಗತಿ ಬೇರೆ ಇದೆ. ದುರಸ್ತಿ ಹೊರಬಿದ್ದ ಮೇಲೆ ಸಂದು ಎಲ್ಲಿತ್ತು ಎಂದು ಕಳ್ಳರಿಗೂ ತಿಳಿಯುತ್ತದಂತೆ. ಆಮೇಲೆ ಅವರು ಹುಡುಕುವುದು ಯಾರನ್ನು? ಇನ್ನೂ ಮುಚ್ಚಿಕೊಳ್ಳದವರನ್ನು. ಏನನ್ನೂ ಒತ್ತಬೇಕಾಗಿಲ್ಲ, ಕೆಟ್ಟ ಪುಟವೊಂದನ್ನು ತೆರೆದರೂ ಸಾಕಾಗಬಹುದು ಎಂದಳು ಸವಿತಾ. ಗಿರಿಜಕ್ಕ ತೆರೆದಿದ್ದಳಲ್ಲ?

ಹಾಗಾದರೆ ಗಿರಿಜಕ್ಕ ಅಸಡ್ಡೆಯವಳೇ? ಖಂಡಿತ ಅಲ್ಲ. ಎರಡು ವರ್ಷದ ಹಿಂದೆ ಸ್ಕಾಲರ್‌ಶಿಪ್ಪಿನ ಕೊನೆಯ ದಿನವೇ ಏನೋ ಅಪ್‌ಡೇಟ್ ಬಂದು ಹೆಬ್ಬೆಟ್ಟಿನ ಮಷೀನು ಅರ್ಧ ದಿನ ನಿಂತಿತ್ತು. ಪಾಳಿ ಹಚ್ಚಿ ನಿಂತವರ ಬೈಗುಳ ಅವಳಿಗೆ ಇನ್ನೂ ಬಾಯಿಪಾಠ. ಮರುದಿನವೇ ಕಂಪ್ಯೂಟರ್ ಗೊತ್ತಿದ್ದವರನ್ನು ಕರೆಸಿ, ತಾನಾಗಿ ಆಗುವ ಅಪ್‌ಡೇಟನ್ನೆಲ್ಲ ಬಂದ್ ಮಾಡಿಸಿದಳು. ಅಂದಿನಿಂದ ಅವಳ ಕಂಪ್ಯೂಟರ್ ಒಂದು ದಿನವೂ ನಿಂತಿಲ್ಲ. ಅದಕ್ಕೇ ಊರು ಅವಳನ್ನು ಹೊಗಳುತ್ತಿತ್ತು. ನಾವು ಹೊಗಳಿ ಹೊಗಳಿ ಆ ಬಾಗಿಲಿನ ಸಂದುಗಳನ್ನು ಹಾಗೇ ಉಳಿಸಿದ್ದೆವು.

"ದಿನಾ ಗಿರಾಕಿ ಇರ್ತಾರ್ರಿ ಮೇಡಂ, ಯಾವಾಗ ನಿಲ್ಲಸ್ಲಿ ಇದನ್ನ?" ಎಂದಳು ಗಿರಿಜಕ್ಕ.

ನಿಂಗಪ್ಪಜ್ಜ ಕೇಳಿದರು: "ಇದಕ್ಕ ಸ್ವಾಮಾರ ಇಲ್ಲೇನಬೇ?"

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಮಳೆ ಬಂದು ಹೊಲ ಹದವಾಗಿದ್ದರೂ ಅಜ್ಜನ ಎತ್ತುಗಳು ಅಂದು ಕೊಟ್ಟಿಗೆಯಲ್ಲೇ. ಹಾಗಂತ ಅಜ್ಜ ಮಲಗುವುದಿಲ್ಲ. ಕುಂಟೆಯ ಅಲಗನ್ನು ಕಮ್ಮಾರನಲ್ಲಿ ಹಣಿಸಿ ಹರಿತ ಮಾಡಿಸುತ್ತಾರೆ. ಸಡಿಲಾದ ನೊಗದ ಹಗ್ಗ ಬಿಗಿಯುತ್ತಾರೆ. ಎತ್ತಿನ ಗೊರಸು ಎತ್ತಿ ನೋಡುತ್ತಾರೆ.

"ರಜಾ ಎತ್ತಿಗೆ. ನಮಗಲ್ಲ," ಎಂದರು.

ಸವಿತಾ ನಕ್ಕಳು. ಆದರೆ ಮೇಡಂ ಅಲ್ಲವೇ, ತಿದ್ದುವುದನ್ನು ಬಿಡಲಿಲ್ಲ. ಅಪ್‌ಡೇಟ್ ಬಂದರೆ ಸೋಮವಾರದ ತನಕ ಕಾಯಬಾರದು, ಬಂದ ದಿನವೇ ಹಾಕಬೇಕು, ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆದರೆ ಮುಗಿಯಿತು ಎಂದಳು.

ಅಜ್ಜ ಅವಳನ್ನೇ ನೋಡಿದರು. "ಎತ್ತಿನ ಕಾಲಾಗ ಮುಳ್ಳ ಹೊಕ್ರ ಸ್ವಾಮಾರ ಮಟಾ ಯಾಂವ ಕಾಯ್ತಾನವಾ?"

ಮೇಡಂ ತಲೆಯಾಡಿಸಿ ಕಂಪ್ಯೂಟರಿನ ಕಡೆ ತಿರುಗಿದಳು.

ಆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಲು, ತಾನಾಗಿ ಆಗುವ ಅಪ್‌ಡೇಟನ್ನು ಮತ್ತೆ ಚಾಲೂ ಮಾಡಲು ಒಂದೂವರೆ ದಿನ ಹಿಡಿಯಿತು. ಕಾಗದಗಳು ಹೊರಗೆ ಹೋದ ಗುರುತು ಸವಿತಾಗೆ ಸಿಗಲಿಲ್ಲ. ಆದರೆ ಹೋಗಿಲ್ಲ ಎಂದು ಆಣೆ ಮಾಡಿ ಹೇಳಲಾರೆ ಅಂದಳು. ಇಲ್ಲಿ ನಾನು, ಓದಿದವಳು, ಮತ್ತೆ ಸಣ್ಣವಳಾದೆ. ಸುಮ್ಮನಿರು ಗಿರಿಜಕ್ಕ, ಗಿರಾಕಿಗಳಿಗೆ ಹೇಳಿದರೆ ಮತ್ತೆ ಯಾರು ಬರುತ್ತಾರೆ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು.

"ಕಾಗದ ಅವರ್ವು. ಹೇಳೂದು ನನ್ನ ಪಾಳಿರಿ," ಎಂದಳು ಅವಳು.

ಎರಡು ದಿನ ಕೂತು ಎಲ್ಲರಿಗೂ ಫೋನ್ ಮಾಡಿದಳು. ಹೀಗೆ ಹೀಗಾಗಿದೆ, ಪಾಸ್‌ವರ್ಡ್ ಬದಲಿಸಿಕೊಳ್ಳಿ, ಗೊತ್ತಿಲ್ಲದವರು ಫೋನ್ ಮಾಡಿ ಓಟಿಪಿ ನಂಬರ್ ಕೇಳಿದರೆ ಕೊಡಬೇಡಿ. ಕೆಲವರು ಬೈದರು. ಬೈದರೆ ಬೈಯಲಿ ಎಂದು ಮುಂದಿನ ನಂಬರು ಒತ್ತಿದಳು.

ನಿನ್ನೆ ಸೋಮವಾರ. ಸೆಂಟರಿನ ಮುಂದೆ ಹೊಸ ಬೋರ್ಡು ಕಂಡೆ: 'ಸೋಮವಾರ ಹನ್ನೊಂದರ ನಂತರ'. ಒಳಗೆ ಹೋದರೆ ಗಿರಿಜಕ್ಕ ಒಬ್ಬಳೇ ಕೂತು ಬ್ರೌಸರಿನ ಸೆಟಿಂಗ್ಸ್ ತೆರೆದು, ಎಲ್ಲ ಹೊಸದಾಗಿದೆಯೇ ಎಂದು ಒಂದೊಂದೇ ನೋಡುತ್ತಿದ್ದಳು. ಹೆಬ್ಬೆಟ್ಟಿನ ಮಷೀನನ್ನೂ ತಾನೇ ಒತ್ತಿ ಪರೀಕ್ಷಿಸಿದಳು. (ಯಾವುದೋ ಪುಟ ನಡುವೆ ಹಾರಿ ಬಂದು ಅಪ್‌ಡೇಟ್ ಮಾಡು ಎಂದು ಕೂಗಿದರೆ ನಂಬಬೇಡಿ. ನಿಜವಾದದ್ದು ಸೆಟಿಂಗ್ಸ್ ಒಳಗೇ ಇರುತ್ತದೆ.)

ಹನ್ನೊಂದಕ್ಕೆ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಆರು ಜನ ಕಾದಿದ್ದರು. ಮೊದಲು ಎದ್ದವಳು ಫೋನಿನಲ್ಲಿ ಎಲ್ಲರಿಗಿಂತ ಜೋರಾಗಿ ಬೈದಿದ್ದ ಮುದುಕಿ.

"ನಿನ್ನ ಮಷೀನಿನ ಜ್ವರ ಇಳೀತೇನ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತನ್ನ ಫೋನನ್ನು ಗಿರಿಜಕ್ಕನ ಕೈಗೆ ಕೊಟ್ಟು ಮತ್ತೆ ಕಟ್ಟೆಗೆ ಹೋಗಿ ಕೂತಳು.

ಮನಸ್ಸು ತುಂಬಿ ಮನೆಗೆ ಬಂದು ಇದನ್ನು ಬರೆಯಲು ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲಿ ಒಂದು ಸಣ್ಣ ಚೀಟಿ: ಅಪ್‌ಡೇಟ್ ಸಿದ್ಧವಿದೆ, ಈಗಲೋ ನಂತರವೋ? ಬೆರಳು ಅಭ್ಯಾಸಬಲದಿಂದ 'ನಂತರ'ದ ಕಡೆಗೇ ಹೋಯಿತು. ಎಷ್ಟು ತಿಂಗಳಿಂದ ಹಾಗೆ ಒತ್ತುತ್ತಿದ್ದೇನೋ! ಬಾಣ ಅಲುಗಿದ್ದೇ ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ. ಮೌಸ್ ಮೇಲೇ ಇತ್ತು. 'ಈಗ' ಒತ್ತಿ, ಒಂದು ಚಹಾ ಮಾಡಿಕೊಂಡು ಬಂದೆ. ಅಷ್ಟರಲ್ಲಿ ಆಗಿಹೋಗಿತ್ತು.

ಅಂದ ಹಾಗೆ, ನಿಮ್ಮ ಕಿಸೆಯಲ್ಲಿರುವ ಫೋನು ಸೋಮವಾರ ಕಂಡು ಎಷ್ಟು ದಿನವಾಯಿತು?