ಅಕ್ಕನ ಹೆಸರಿನ ಟ್ರಸ್ಟ್

ನಮ್ಮ ಕಡೆ ಟ್ರಸ್ಟ್ ಅಂದರೆ ಮಠ, ಕಾಲೇಜು, ದೇಣಿಗೆಯ ಪಾವತಿ. ಒಬ್ಬ ಹೆಣ್ಣುಮಗಳಿಗಾಗಿಯೂ ಟ್ರಸ್ಟ್ ಇರುತ್ತದೆ ಎಂದರೆ ಶಹಾಬಾದಿನಿಂದ ಚಿಂಚೋಳಿತನಕ ಯಾರೂ ನಂಬುವುದಿಲ್ಲ. ನಮ್ಮ ಮನೆಯಲ್ಲಿದೆ. ವಾಡಿಯಲ್ಲಿ ರೈಲ್ವೆ ನೌಕರಿ ಮುಗಿಸಿದ ಅಪ್ಪ ಸೇಡಂ ವಕೀಲರೊಬ್ಬರಿಂದ ಬರೆಸಿದ್ದು. ರೊಕ್ಕ ಅಕ್ಕನದು, ಅದನ್ನು ನೋಡಿಕೊಳ್ಳುವ ಟ್ರಸ್ಟಿ, ಮದುವೆಯಾಗದೆ ಉಳಿದ ತಂಗಿ ನಾನು. ಅವಳ ಊಟ, ಬಟ್ಟೆ, ಔಷಧಿ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಅಕ್ಕನಿಗೆ ಈಗ ಅರವತ್ತು. ಬುದ್ಧಿ ಮಾತ್ರ ನಾಲ್ಕು ವರ್ಷದ ಕೂಸಿನದು.

ಹೋದ ವರ್ಷ ಕಲಬುರಗಿಯ ಡಾಕ್ಟರು ನನ್ನ ರಿಪೋರ್ಟ್ ನೋಡಿ, ಜೊತೆಗೆ ಯಾರೂ ಬಂದಿಲ್ಲವೇ ಎಂದು ಕೇಳಿದರು. ಅಷ್ಟರಲ್ಲೇ ತಿಳಿಯಿತು. ನಾನು ಹೋದಮೇಲೆ ಅಕ್ಕನಿಗೆ ಯಾರು? ಇನ್ನೊಬ್ಬ ಟ್ರಸ್ಟಿಯನ್ನು ಹುಡುಕಲು ಹೊರಟೆ.

ಶಹಾಬಾದಿನಲ್ಲಿ ಚಿಗವ್ವನ ಮಗನಿದ್ದಾನೆ. ಬಂಗಾರದಂಥ ಮನುಷ್ಯ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವುದಿಲ್ಲ. ಚಹಾ ಕೊಟ್ಟು ಕೈ ಮುಗಿದುಬಿಟ್ಟ.

"ಯಕ್ಕಾ, ಬುದ್ಧಿ ಇಲ್ದಾಕಿ ರೊಕ್ಕ ಅದು. ನಾ ಒಂದ್ ರೂಪಾಯಿ ತಿನ್ನಲಿಲ್ಲಂದ್ರೂ ಮಂದಿ ತಿಂದಾನ ಅಂತಾರ. ನನಗ ಬ್ಯಾಡ."

ಒಳ್ಳೆಯವರೆಲ್ಲ ಹೀಗೇ ಅಂದರು. ಅಕ್ಕನಿಗಿಂತ ಅವರಿಗೆ ಅವರ ಹೆಸರು ದೊಡ್ಡದು. ಆ ಹೆಸರನ್ನು ಉಪ್ಪಿನಕಾಯಿ ಹಾಕಿಕೊಳ್ಳಲಿ ಎಂದು ಬೈಯುತ್ತ ಚಿತ್ತಾಪುರದ ಬಸ್ಸು ಹತ್ತಿ ಮನೆಗೆ ಬಂದೆ.

ಒಪ್ಪಿದವನು ಒಬ್ಬನೇ, ಮಳಖೇಡದ ಕಾಕಾನ ಮಗ. ಅಕ್ಕ ಹೇಗಿದ್ದಾಳೆ ಎಂದು ಕೇಳಲಿಲ್ಲ, ಎಷ್ಟಿದೆ ಎಂದು ಕೇಳಿದ. ನನ್ನ ರಕ್ತ ಕುದಿಯಿತು. ಬಡವನ ಸಿಟ್ಟು ದವಡೆಗೆ ಮೂಲ. ಹೋದ ತಿಂಗಳು ಸೇಡಮ್ಮಿಗೆ ಹೋಗಿ ಅವನ ಹೆಸರನ್ನೇ ಬರೆಸಿದೆ.

ಸಹಿಯಾದ ದಿನ ಅವನನ್ನು ಮನೆಗೆ ಊಟಕ್ಕೆ ಕರೆತಂದೆ. ಅಕ್ಕ ಮೊದಲು ಅವ್ವನ ಕೈಯಿಂದ, ಅವ್ವ ತೀರಿದ ಮೇಲೆ ನನ್ನ ಕೈಯಿಂದ ಉಂಡವಳು, ಮೂರನೆಯ ಕೈ ಕಂಡವಳಲ್ಲ. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಅವನ ಕೈಗೆ ಕೊಟ್ಟು, ಉಣಿಸು ಎಂದೆ. ಅವನು ಮೊಬೈಲು ಕೆಳಗಿಟ್ಟು ತುತ್ತು ಹಿಡಿದ. ಅಕ್ಕ ತುಟಿ ಬಿಗಿದು ನನ್ನ ಕಡೆ ತಿರುಗಿದಳು. ರಮಿಸಿದೆ, ಗದರಿದೆ. ಕೇಳಲಿಲ್ಲ.

"ನೀ ಉಣಸು," ಎಂದಳು.

ಜೀವಮಾನದಲ್ಲಿ ಮೊದಲ ಸಲ ಅವಳ ಕೆನ್ನೆಗೆ ಹೊಡೆದೆ. ಅಕ್ಕ ಅಳುತ್ತ ಅವನ ಕಡೆ ತಿರುಗಿ ಬಾಯಿ ತೆರೆದಳು.